ನಿಂತ ಎಂಜಿನ್ನಿನ ಚರಿತ್ರೆ

ಕಳೆದ ಡಿಸೆಂಬರಿನಲ್ಲಿ ದಿಲ್ಲಿಯ ನಮ್ಮ ಸರ್ಕಾರಿ ವಸತಿಗೃಹವನ್ನು ಬದಲಿಸಬೇಕಾಗಿ ಬಂದಿತು. ಸಾಮಾನು ಕಟ್ಟುವಾಗ ಅಟ್ಟದ ಮೂಲೆಯಿಂದ ತಂದೆಯವರ ತಗಡಿನ ಟ್ರಂಕು ಕೆಳಗಿಳಿಯಿತು. ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳ ಅಡಿಯಲ್ಲಿ, ಹಳದಿಗಟ್ಟಿದ ವೃತ್ತಪತ್ರಿಕೆಯಲ್ಲಿ ಸುತ್ತಿದ ಗೇಣುದ್ದದ ಕಪ್ಪು ರೈಲು ಎಂಜಿನ್ನೊಂದು, ಅಂಡಾಕಾರವಾಗಿ ಜೋಡಿಸಬಹುದಾದ ಹಳಿಯ ತುಂಡುಗಳು, ತಿರುಗಿಸುವ ಗುಂಡಿಯುಳ್ಳ ಒಂದು ವಿದ್ಯುತ್ ಪೆಟ್ಟಿಗೆ ಸಿಕ್ಕವು. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಅವರು ಅದನ್ನು ಕೆಂಪುಕೋಟೆಯ ಹಿಂಭಾಗದ ಭಾನುವಾರದ ಸಂತೆಯಲ್ಲಿ ಕೊಂಡು ತಂದಿದ್ದರು. ಯಾವುದೋ ವಿದೇಶೀ ರಾಯಭಾರ ಕಚೇರಿಯ ಕುಟುಂಬ ಊರು ಬಿಡುವಾಗ ಮಾರಿಹೋದ ಸಾಮಾನು ಎಂದು ಅಂಗಡಿಯವನು ಹೇಳಿದ್ದನಂತೆ. ನಮಗಾಗ ಎಂಟು ವರ್ಷ. ಮಳೆಗಾಲದಿಂದ ಕ್ರಿಸ್ಮಸ್ ರಜೆಯವರೆಗೆ ಓಡಿದ ಎಂಜಿನ್ ಜನವರಿಯ ಒಂದು ಬೆಳಿಗ್ಗೆ ನಿಂತಿತು. ಮತ್ತೆ ಓಡಲಿಲ್ಲ. ಮುಂದಿನ ಭಾನುವಾರ ತಂದೆಯವರು ಸಂತೆಗೆ ಹೋಗಿ, ಎಂದೂ ಯಾರೊಡನೆಯೂ ದನಿಯೇರಿಸದ ಮನುಷ್ಯ, ಆ ಅಂಗಡಿಯವನೊಡನೆ ಜಗಳವಾಡಿ ಬಂದರು. ಅನಂತರ ಆ ಕಡೆಗೆ ಕಾಲಿಡಲಿಲ್ಲ. ರೈಲಿನ ಮಾತು ಬಂದಾಗಲೆಲ್ಲ "ಅಲ್ಲಿ ಮೋಸಹೋದೆ ಮಾರಾಯ" ಎನ್ನುವುದು ಅವರ ಕೊನೆಗಾಲದವರೆಗೂ ಉಳಿದ ಮಾತಾಯಿತು.

ನಿಂತ ಎಂಜಿನ್ನನ್ನು ಮತ್ತೆ ಓಡಿಸುವ ಪ್ರಯತ್ನದಲ್ಲಿ ನಾವು ಕಳೆದ ಕೆಲವು ವಾರಗಳು ಈ ಬರಹಕ್ಕೆ ಕಾರಣ. ಆಟಿಕೆ ರೈಲಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾವ ಕಂಪನಿ ಯಾವ ವರ್ಷ ಯಾವ ಮಾದರಿಯನ್ನು ಹೊರತಂದಿತು ಎಂಬುದರ ಪಟ್ಟಿ ಕೊಡುತ್ತಾರೆ. ನಮಗೆ ತೋರಿದ್ದು ಬೇರೆ. ಎಂಜಿನ್ ಏಕೆ ನಿಲ್ಲುತ್ತದೆ ಎಂದು ಕೇಳುತ್ತ ಹೋದರೆ ಪ್ರತಿಯೊಂದು ದೋಷವೂ ತನ್ನ ಕಾಲವನ್ನು ಹೇಳುತ್ತದೆ. ಸ್ಪ್ರಿಂಗಿನ ಕಾಲದ ದೋಷ ಬೇರೆ, ಅಯಸ್ಕಾಂತದ ಕಾಲದ್ದು ಬೇರೆ, ಎರಕದ ಸತುವಿನ ಕಾಲದ್ದು ಬೇರೆ. ವೈದ್ಯರು ಒಂದು ಊರಿನ ರೋಗಗಳಿಂದ ಆ ಊರಿನ ನೀರನ್ನೂ ಕಸುಬನ್ನೂ ಊಹಿಸುವಂತೆ, ನಿಂತ ಎಂಜಿನ್ನಿನಿಂದ ಅದನ್ನು ಮಾಡಿದವರ ಜಗತ್ತನ್ನು ಊಹಿಸಬಹುದು.

ಮೊದಲಿಗೆ ಒಂದು ವಿಚಿತ್ರ ಸಂಗತಿ. ವಿದ್ಯುತ್ತಿನಿಂದ ಓಡುವ ರೈಲಿನ ವಿಷಯದಲ್ಲಿ ಆಟಿಕೆ ಹಿರಿಯದು, ನಿಜವಾದ ರೈಲು ಕಿರಿಯದು. ಅಮೆರಿಕದ ವರ್ಮಾಂಟ್ ಸೀಮೆಯ ಕಮ್ಮಾರ ಥಾಮಸ್ ಡೇವನ್‌ಪೋರ್ಟ್ 1835ರಲ್ಲಿಯೇ ಬ್ಯಾಟರಿಯ ಬಲದಿಂದ ವೃತ್ತಾಕಾರದ ಹಳಿಯ ಮೇಲೆ ಸುತ್ತುವ ಪುಟ್ಟ ಬಂಡಿಯೊಂದನ್ನು ಮಾಡಿ ತೋರಿಸಿದ. 1837ರಲ್ಲಿ ತನ್ನ ವಿದ್ಯುತ್ ಮೋಟಾರಿಗೆ ಪೇಟೆಂಟ್ ಪಡೆದ. ತಂತಿಗೆ ಸುತ್ತಲು ಅವಾಹಕ ಬಟ್ಟೆ ಸಾಲದಾದಾಗ ಅವನ ಹೆಂಡತಿ ಎಮಿಲಿ ತನ್ನ ಮದುವೆಯ ರೇಷ್ಮೆ ಉಡುಪನ್ನೇ ಹರಿದು ಕೊಟ್ಟಳೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಜನರನ್ನು ಕೂರಿಸಿಕೊಂಡು ಓಡುವ ವಿದ್ಯುತ್ ರೈಲು ಕಾಣಿಸಿಕೊಂಡದ್ದು 1879ರಲ್ಲಿ, ಬರ್ಲಿನ್ನಿನ ಪ್ರದರ್ಶನದಲ್ಲಿ. ವೆರ್ನರ್ ಫಾನ್ ಸೀಮೆನ್ಸ್ ಹಾಕಿಸಿದ 300 ಮೀಟರಿನ ಆ ಸುತ್ತುದಾರಿಯಲ್ಲಿ ಎರಡು ಹಳಿಗಳ ನಡುವೆ ಮೂರನೆಯದೊಂದು ಹಳಿಯಿತ್ತು. ನಡುವಿನ ಹಳಿಯಿಂದ ವಿದ್ಯುತ್ತು ಎಂಜಿನ್ನಿಗೆ ಏರಿ, ಗಾಲಿಗಳ ಮೂಲಕ ಹೊರಹಳಿಗೆ ಇಳಿದು ಹಿಂತಿರುಗುತ್ತಿತ್ತು. ಮುಂದೆ ದಶಕಗಳ ಕಾಲ ಯುರೋಪಿನ ವಿದ್ಯುತ್ ಆಟಿಕೆ ರೈಲುಗಳಲ್ಲಿ ಅನೇಕವು ಓಡಿದ್ದು ಇದೇ ಉಪಾಯದಿಂದ.

ಮೋಟಾರಿನ ಒಳಗುಟ್ಟನ್ನು ಇಲ್ಲಿಯೇ ಹೇಳಿಬಿಡಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಸ್ಥಿರವಾದ ಅಯಸ್ಕಾಂತದ ನಡುವೆ ತಂತಿ ಸುತ್ತಿದ ಆರ್ಮೇಚರ್ ತಿರುಗುತ್ತದೆ. ಅದು ಸ್ವಲ್ಪ ತಿರುಗಿದೊಡನೆ ತಂತಿಯಲ್ಲಿನ ಪ್ರವಾಹದ ದಿಕ್ಕನ್ನು ಬದಲಿಸದಿದ್ದರೆ ಅಯಸ್ಕಾಂತ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಬದಲಿಸುವ ಕೆಲಸ ಕಮ್ಯುಟೇಟರಿನದು. ತಾಮ್ರದ ತುಂಡುಗಳನ್ನು ನಡುವೆ ಸಣ್ಣ ಬಿರುಕು ಬಿಟ್ಟು ಜೋಡಿಸಿದ ಬಳೆ ಅಥವಾ ಬಿಲ್ಲೆ ಅದು. ಸ್ಪ್ರಿಂಗಿನ ಒತ್ತಡದಿಂದ ಎರಡು ಕಾರ್ಬನ್ ಬ್ರಶ್‌ಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಆರ್ಮೇಚರ್ ತಿರುಗಿದಂತೆ ಬ್ರಶ್ಶು ಒಂದು ತುಂಡಿನಿಂದ ಮತ್ತೊಂದಕ್ಕೆ ಜಾರುತ್ತದೆ, ಪ್ರವಾಹ ದಿಕ್ಕು ಬದಲಿಸುತ್ತದೆ, ಓಟ ಮುಂದುವರಿಯುತ್ತದೆ. ಹಳಿಯಿಂದ ಗಾಲಿ, ಗಾಲಿಯಿಂದ ಬ್ರಶ್ಶು, ಬ್ರಶ್ಶಿನಿಂದ ತಾಮ್ರ: ಹೀಗೆ ಎಲ್ಲವೂ ಮುಟ್ಟಿದ್ದರೆ ಮಾತ್ರ ನಡೆಯುವ ವ್ಯವಹಾರ. ಎಲ್ಲಿ ಮುಟ್ಟುವುದು ತಪ್ಪಿತೋ ಅಲ್ಲಿ ಗಾಡಿ ನಿಂತಿತು.

ಇದಕ್ಕೆ ಮೊದಲಿನ ಆಟಿಕೆ ರೈಲುಗಳಿಗೆ ಇಂಥ ಜಟಿಲ ಕಾಯಿಲೆಗಳಿರಲಿಲ್ಲ. ವಿಕ್ಟೋರಿಯನ್ ಕಾಲದ ಇಂಗ್ಲೆಂಡಿನಲ್ಲಿ ಸ್ಪಿರಿಟ್ ದೀಪ ಹಚ್ಚಿ, ನಿಜವಾದ ಉಗಿಯಿಂದಲೇ ನೆಲದ ಮೇಲೆ ಓಡಿಸುವ ಹಿತ್ತಾಳೆಯ ಎಂಜಿನ್ನುಗಳಿದ್ದವು. ಓಡಿದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕುತ್ತಿದ್ದವಾದ್ದರಿಂದ ಅವುಗಳಿಗೆ ಬರ್ಮಿಂಗ್‌ಹ್ಯಾಮಿನ ಜೊಲ್ಲುಬುರುಕ ಎಂಬರ್ಥದ ಅಡ್ಡಹೆಸರೇ ಬಿದ್ದಿತ್ತು. ಜರ್ಮನಿಯ ತಗಡಿನ ರೈಲುಗಳು ಕೀಲಿ ಕೊಟ್ಟರೆ ಓಡಿ, ಕೀಲಿ ಬಿಚ್ಚಿದರೆ ನಿಂತುಬಿಡುತ್ತಿದ್ದವು. ನಿಂತದ್ದೇಕೆಂದು ಮಗುವಿಗೂ ಗೊತ್ತಿತ್ತು. ಗೋಪ್ಪಿಂಗೆನ್ ಊರಿನ ಮಾರ್ಕ್ಲಿನ್ ಸಂಸ್ಥೆಯದು ಈ ಕಾಲದ ದೊಡ್ಡ ಹೆಸರು. 1859ರಲ್ಲಿ ಬೊಂಬೆಮನೆಯ ಪಾತ್ರೆ ಪಡಗಗಳನ್ನು ಮಾಡುತ್ತ ಆರಂಭವಾದ ಈ ಮನೆತನದ ಉದ್ಯಮವನ್ನು, ಸ್ಥಾಪಕ ತೀರಿಕೊಂಡ ಮೇಲೆ ಅವನ ಪತ್ನಿ ಕ್ಯಾರೊಲಿನ್ ವರ್ಷಗಟ್ಟಲೆ ಹಿಡಿದು ನಡೆಸಿದಳು. 1891ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಅವರ ಮಕ್ಕಳು ತೋರಿಸಿದ್ದು ಬರೀ ಒಂದು ರೈಲನ್ನಲ್ಲ, ಒಂದು ವ್ಯವಸ್ಥೆಯನ್ನು. ಹಳಿಗಳ ಅಗಲಕ್ಕೆ ಸಂಖ್ಯೆ ಕೊಟ್ಟು, ಇಂದು ಎಂಜಿನ್, ನಾಳೆ ಡಬ್ಬಿ, ಮುಂದಿನ ಹಬ್ಬಕ್ಕೆ ತಿರುವಿನ ಹಳಿ ಎಂದು ಸೇರಿಸುತ್ತ ಹೋಗಬಹುದಾದ ವ್ಯವಸ್ಥೆ. ಒಮ್ಮೆ ಕೊಂಡು ಮುಗಿಯುವ ಆಟಿಕೆ ಇದಲ್ಲವಾದ್ದರಿಂದ, ಅದು ಕೆಟ್ಟರೆ ಎಸೆಯುವಂತೆಯೂ ಇರಲಿಲ್ಲ. ರಿಪೇರಿಯ ಪ್ರಶ್ನೆ ಹುಟ್ಟಿದ್ದೇ ಇಲ್ಲಿ ಎಂದು ನಮ್ಮ ಭಾವನೆ.

ವಿದ್ಯುತ್ತು ಆಟಿಕೆಯೊಳಗೆ ಬಂದ ದಾರಿಯೂ ಸ್ವಾರಸ್ಯಕರವೇ. ನ್ಯೂಯಾರ್ಕಿನ ಜೋಷುವಾ ಲಯನಲ್ ಕೋವೆನ್ 1900ರ ಹೊತ್ತಿಗೆ ಅಂಗಡಿಯ ಕಿಟಕಿಯಲ್ಲಿ ಸರಕನ್ನು ಹೊತ್ತು ಸುತ್ತುವ, ಮೇಲ್ಛಾವಣಿಯಿಲ್ಲದ ಬಂಡಿಯೊಂದನ್ನು ಮಾಡಿಕೊಟ್ಟ. ಗಿರಾಕಿಗಳು ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಲಯನಲ್ ಸಂಸ್ಥೆಯ ರೈಲುಗಳು ಹುಟ್ಟಿದ್ದು ಹಾಗೆ. ಆದರೆ ಮನೆಗೆ ಬರುವ ಪೂರ್ಣ ವೋಲ್ಟೇಜಿನ ವಿದ್ಯುತ್ತನ್ನು ಮಕ್ಕಳು ಕೈಯಿಡುವ ಹಳಿಗೆ ಹರಿಸುವುದು ಹೇಗೆ? ಆರಂಭಕಾಲದ ಉತ್ತರಗಳನ್ನು ಇಂದು ಓದಿದರೆ ಎದೆ ನಡುಗುತ್ತದೆ. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ, ಮೆಕ್ಯಾನೊ ಜೋಡಣೆ ಆಟಿಕೆಯಿಂದ ಹೆಸರಾದವನು, 1920ರಲ್ಲಿ ಕೀಲಿಯ ರೈಲುಗಳನ್ನೂ 1925ರಲ್ಲಿ ಲಂಡನಿನ ಮೆಟ್ರೊಪಾಲಿಟನ್ ಎಂಜಿನ್ನಿನ ಮಾದರಿಯಲ್ಲಿ ತನ್ನ ಮೊದಲ ವಿದ್ಯುತ್ ರೈಲನ್ನೂ ಹೊರತಂದ. ಮನೆಯ ವಿದ್ಯುತ್ತಿಗೂ ಹಳಿಗೂ ನಡುವೆ ಇದ್ದದ್ದು ಒಂದು ದೀಪದ ಬಲ್ಬು ಮಾತ್ರ. ಬಲ್ಬು ಪ್ರವಾಹವನ್ನು ಮಿತಿಗೊಳಿಸುತ್ತಿತ್ತು ನಿಜ, ಆದರೆ ಹಳಿ ಮುಟ್ಟಿದವನಿಗೆ ಅದು ರಕ್ಷಣೆಯಾಗಿರಲಿಲ್ಲ. ಆ ಪದ್ಧತಿ ಬೇಗನೆ ಕೈಬಿಟ್ಟುಹೋಯಿತು. ಮಾರ್ಕ್ಲಿನ್ 1926ರಲ್ಲಿ ಟ್ರಾನ್ಸ್‌ಫಾರ್ಮರಿನಿಂದ 20 ವೋಲ್ಟಿಗೆ ಇಳಿಸಿದ ವ್ಯವಸ್ಥೆಯನ್ನು ತಂದಿತು. ಮುಂಬಯಿಯ ನಮ್ಮ ಓದುಗರಿಗೆ ಇಲ್ಲೊಂದು ಕಾಕತಾಳೀಯ ಹೊಳೆದೀತು. ಹಾರ್ನ್‌ಬಿಯ ಬಲ್ಬಿನ ರೈಲು ಬಂದ ಅದೇ 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ, 1500 ವೋಲ್ಟಿನ ಏಕಮುಖ ವಿದ್ಯುತ್ತಿನಲ್ಲಿ, ಭಾರತದ ಮೊದಲ ವಿದ್ಯುತ್ ರೈಲು ಓಡಿತು. ಗಾತ್ರದಲ್ಲಿ ಆನೆಗೂ ಇರುವೆಗೂ ಇರುವ ಅಂತರ, ಆದರೆ ಎರಡರ ಹೊಟ್ಟೆಯಲ್ಲಿಯೂ ಇದ್ದದ್ದು ಅದೇ ಬ್ರಶ್ಶು, ಅದೇ ಕಮ್ಯುಟೇಟರು.

ರೈಲು ಮೇಜಿನ ಮೇಲೆ ಬಂದದ್ದು 1935ರ ಸುಮಾರಿಗೆ. ನ್ಯೂರೆಂಬರ್ಗಿನ ಟ್ರಿಕ್ಸ್ ಮತ್ತು ಗೋಪ್ಪಿಂಗೆನ್ನಿನ ಮಾರ್ಕ್ಲಿನ್ ಎರಡೂ ಆ ವರ್ಷ 16.5 ಮಿಲಿಮೀಟರ್ ಅಗಲದ ಹಳಿಯ ಪುಟ್ಟ ರೈಲುಗಳನ್ನು ತೋರಿಸಿದವು. ಟ್ರಿಕ್ಸಿನ ಹಿಂದಿದ್ದ ಸ್ಟೀಫನ್ ಬಿಂಗ್ ಯೆಹೂದ್ಯ. ನಾಜಿಗಳ ಆಡಳಿತದಲ್ಲಿ ಉದ್ಯಮ ಕೈತಪ್ಪಿ, 1938ರಲ್ಲಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಅದೇ 1938ರಲ್ಲಿ ಇಂಗ್ಲೆಂಡಿನ ಹಾರ್ನ್‌ಬಿ ಸಂಸ್ಥೆ ಡಬ್ಲೊ ಎಂಬ ಮೇಜಿನ ರೈಲನ್ನು ಹೊರತಂದಿತು. ಮರುವರ್ಷ ಯುದ್ಧ ಆರಂಭವಾಯಿತು. ಆಟಿಕೆಯ ಕಾರ್ಖಾನೆಗಳು ಯುದ್ಧಸಾಮಗ್ರಿಗೆ ತಿರುಗಿದವು. ಮಕ್ಕಳ ಆಟದ ಚರಿತ್ರೆಯೂ ದೊಡ್ಡವರ ಚರಿತ್ರೆಯಿಂದ ತಪ್ಪಿಸಿಕೊಳ್ಳಲಾರದು.

ಈ ಕಾಲದ ಎಂಜಿನ್ನುಗಳಿಗೆ ಮೂರು ಕಾಯಿಲೆಗಳು ವಿಶೇಷವಾಗಿ ಬಂದವು. ಒಂದೊಂದಕ್ಕೂ ಅದರದೇ ಇತಿಹಾಸವಿದೆ.

ಮೊದಲನೆಯದು ಸತುವಿನ ಕೊಳೆರೋಗ. ತಗಡನ್ನು ಬಗ್ಗಿಸುವ ಬದಲು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಡದಿಂದ ಹೊಯ್ದರೆ ಎಂಜಿನ್ನಿನ ಮೈಮೇಲಿನ ಒಂದೊಂದು ರಿವೆಟ್ಟೂ ಮೂಡುತ್ತದೆ. ಅಗ್ಗ, ಅಂದ, ಭಾರವೂ ಸರಿ. ಆದರೆ ಸತುವಿನಲ್ಲಿ ಸೀಸದ ಅಂಶ ಅಲ್ಪಸ್ವಲ್ಪ ಬೆರೆತರೂ ಸಾಕು, ಗಾಳಿಯ ತೇವ ಲೋಹದ ಹರಳುಗಳ ಸಂದಿಗಳಲ್ಲಿ ಹೊಕ್ಕು ಒಳಗೊಳಗೇ ತಿನ್ನತೊಡಗುತ್ತದೆ. ಎರಕ ಉಬ್ಬುತ್ತದೆ, ಬಾಗುತ್ತದೆ, ನವಿರಾದ ಬಿರುಕುಗಳು ಮೂಡುತ್ತವೆ, ಕೊನೆಗೆ ಹಳೆಯ ಹಪ್ಪಳದಂತೆ ಪುಡಿಯಾಗುತ್ತದೆ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 99.99 ಪ್ರತಿಶತ ಶುದ್ಧ ಸತುವಿನಿಂದ ಜಮಾಕ್ ಎಂಬ ಮಿಶ್ರಲೋಹವನ್ನು ರೂಪಿಸಿ ಇದಕ್ಕೆ ಪರಿಹಾರ ಕಂಡಿತು. ಇಂಗ್ಲೆಂಡಿನಲ್ಲಿ ಅದರ ಹೆಸರು ಮಜಾಕ್. ಸೂತ್ರ ಶುದ್ಧವಾಗಿದ್ದರೆ ಸಾಲದು, ಎರಕದ ಮನೆಯ ಮೂಸೆಯೂ ಶುದ್ಧವಾಗಿರಬೇಕು. ಅದಾಗದೆಡೆಗಳಲ್ಲಿ ಯುದ್ಧಪೂರ್ವದ ಅನೇಕ ಎಂಜಿನ್ನುಗಳ ಚೌಕಟ್ಟು ಉಬ್ಬಿ, ಗಾಲಿಯ ಅಚ್ಚು ಸಿಕ್ಕಿಕೊಂಡು ನಿಂತುಹೋದವು. ಈ ರೋಗಕ್ಕೆ ಔಷಧಿಯಿಲ್ಲ. ಹುಟ್ಟಿನಿಂದ ಬಂದದ್ದು, ಹತ್ತಾರು ವರ್ಷಗಳ ಮೇಲೆ ತೋರುವಂಥದ್ದು.

ಎರಡನೆಯದು ಅಯಸ್ಕಾಂತದ ದೌರ್ಬಲ್ಯ. ಹಳೆಯ ಉಕ್ಕಿನ ಅಯಸ್ಕಾಂತಗಳು ಕಾಲಕ್ರಮದಲ್ಲಿ ಶಕ್ತಿ ಕಳೆದುಕೊಳ್ಳುತ್ತಿದ್ದವು. 1931ರಲ್ಲಿ ಜಪಾನಿನ ತೊಕುಶಿಚಿ ಮಿಶಿಮಾ ಕಂಡುಹಿಡಿದ ನಿಕ್ಕಲ್–ಅಲ್ಯುಮಿನಿಯಂ ಉಕ್ಕು ಮುಂದೆ ಆಲ್ನಿಕೊ ಎಂದು ಬೆಳೆದು ಬಹುಮಟ್ಟಿಗೆ ಈ ಕೊರತೆಯನ್ನು ನೀಗಿತು. ಆದರೆ ಆಲ್ನಿಕೊಗೂ ಒಂದು ಗುಣವಿದೆ. ಅದರ ಬಾಯಿಯ ನಡುವಿನ ಕಬ್ಬಿಣವನ್ನು, ಅಂದರೆ ಆರ್ಮೇಚರನ್ನು, ಹೊರತೆಗೆದು ಹಾಗೆಯೇ ಬಿಟ್ಟರೆ ಅಯಸ್ಕಾಂತ ತನ್ನ ಬಲವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಶ್ರದ್ಧೆಯಿಂದ ಮೋಟಾರನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿದವನ ಎಂಜಿನ್ ಮೊದಲಿಗಿಂತ ಸೊರಗುತ್ತದೆ, ಹೆಚ್ಚು ವಿದ್ಯುತ್ ಎಳೆಯುತ್ತದೆ, ಬಿಸಿಯಾಗುತ್ತದೆ. ಅತಿಯಾದ ಆರೈಕೆಯೇ ಇಲ್ಲಿ ರೋಗ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟದ್ದು: ಕೊಳೆ. ಎಂಜಿನ್ ಓಡುವಾಗ ಗಾಲಿಗೂ ಹಳಿಗೂ ನಡುವೆ ಕಣ್ಣಿಗೆ ಕಾಣದಷ್ಟು ಕಿಡಿಗಳು ಹಾರುತ್ತಿರುತ್ತವೆ. ಲೋಹ ಸುಟ್ಟು ಕಪ್ಪುಲೇಪವಾಗುತ್ತದೆ. ಗಾಲಿಯಿಂದ ಸೋರಿದ ಎಣ್ಣೆ, ಮನೆಯ ಧೂಳು, ಜಮಖಾನೆಯ ನೂಲು ಅದಕ್ಕೆ ಸೇರುತ್ತವೆ. ಮೂರು ಹಳಿಯ ವ್ಯವಸ್ಥೆಯಲ್ಲಿ ಎರಡೂ ಹೊರಹಳಿಗಳು ಒಂದೇ ತಂತಿಯ ಕೆಲಸ ಮಾಡುವುದರಿಂದ ಒಂದು ಕಡೆ ತಪ್ಪಿದರೂ ಇನ್ನೊಂದು ಕಡೆ ಸಂಪರ್ಕ ಉಳಿಯುತ್ತಿತ್ತು. ಆದರೆ ಜನರಿಗೆ ಬೇಕಾದದ್ದು ನಿಜವಾದ ರೈಲಿನಂತೆ ಕಾಣುವ ಎರಡು ಹಳಿ. 1952ರಲ್ಲಿ ಬಂದ ಟ್ರೈ-ಆ್ಯಂಗ್ ರೈಲುಗಳು ಪ್ಲಾಸ್ಟಿಕ್ಕಿನಿಂದ ಅಗ್ಗವಾಗಿ, ಎರಡೇ ಹಳಿಯ ಮೇಲೆ ಓಡಿದವು. ಹಾರ್ನ್‌ಬಿ ಡಬ್ಲೊ 1959ರವರೆಗೆ ಮೂರು ಹಳಿಯನ್ನೇ ಹಿಡಿದುಕೊಂಡಿತ್ತು. 1964ರಲ್ಲಿ ಆ ಸಂಸ್ಥೆಯೇ ಟ್ರೈ-ಆ್ಯಂಗ್‌ನ ಒಡೆಯರಾದ ಲೈನ್ಸ್ ಸೋದರರ ಕೈಸೇರಿತು. ಎರಡು ಹಳಿ ಗೆದ್ದಿತು, ಅದರೊಂದಿಗೆ ಕೊಳೆಯ ಕಾಟವೂ ಗೆದ್ದಿತು. ಈಗ ಎಡಗಾಲಿ ಒಂದು ತಂತಿ, ಬಲಗಾಲಿ ಇನ್ನೊಂದು ತಂತಿ. ಒಂದು ಚಿಟಿಕೆ ಧೂಳು ಸಾಕು.

ನಮ್ಮ ದೇಶದ ಅತ್ಯಂತ ಪ್ರಸಿದ್ಧ ಮಾದರಿ ರೈಲಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ ಸಿಂಧಿಯಾ ಮಹಾರಾಜರ ಊಟದ ಮೇಜಿನ ಮೇಲೆ ಸುತ್ತುವ ಬೆಳ್ಳಿಯ ರೈಲನ್ನು ದಿಲ್ಲಿಯ ನಮ್ಮ ಗೆಳೆಯರಲ್ಲಿ ಅನೇಕರು ನೋಡಿರುತ್ತಾರೆ. ಮದ್ಯದ ಗಾಜಿನ ಹೂಜಿಗಳನ್ನೂ ಸಿಗಾರುಗಳನ್ನೂ ಹೊತ್ತು ಅದು ಅತಿಥಿಗಳ ಮುಂದೆ ಸಾಗುತ್ತಿತ್ತು. ಅತಿಥಿ ಹೂಜಿಯನ್ನು ಎತ್ತಿದರೆ ರೈಲು ನಿಲ್ಲುತ್ತಿತ್ತು, ಮರಳಿ ಇಟ್ಟರೆ ಮುಂದಕ್ಕೆ ಹೊರಡುತ್ತಿತ್ತು. ನಿಲ್ಲುವುದೇ ಅದರ ಶಿಷ್ಟಾಚಾರ. ಕಾಲಿನ್ಸ್ ಮತ್ತು ಲಾಪಿಯೆರ್ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಹೇಳುವ ಕಥೆಯಂತೆ, ವೈಸ್‌ರಾಯರ ಔತಣದ ರಾತ್ರಿಯೊಂದರಲ್ಲಿ ವಿದ್ಯುತ್ ಮಂಡಲ ಕೆಟ್ಟು, ರೈಲು ಎಲ್ಲಿಯೂ ನಿಲ್ಲದೆ ಮೇಜಿನ ಸುತ್ತ ಧಾವಿಸಿ ಅತಿಥಿಗಳ ಮೇಲೆ ಸಾರು ಪಲ್ಯಗಳನ್ನು ಚೆಲ್ಲಿತಂತೆ. ಕಥೆ ಎಷ್ಟು ನಿಜವೋ, ಒಂದು ಮಾತಂತೂ ಸರಿ: ನಿಲ್ಲಬಾರದೆಡೆ ನಿಲ್ಲುವುದೂ ನಿಲ್ಲಬೇಕಾದೆಡೆ ನಿಲ್ಲದಿರುವುದೂ ತಂತ್ರಜ್ಞನಿಗೆ ಒಂದೇ ಸಮಸ್ಯೆಯ ಎರಡು ಮುಖ.

ಇನ್ನು ನಮ್ಮ ಎಂಜಿನ್ನಿಗೆ ಬರೋಣ. ಅದನ್ನು ಮಾಡಿದವರ ಹೆಸರು ಇಲ್ಲಿ ಅಗತ್ಯವಿಲ್ಲ. ತಪ್ಪು ಅವರದಾಗಿರಲಿಲ್ಲವೆಂದು ಮುಂದೆ ತಿಳಿಯುತ್ತದೆ. ಇಂಗ್ಲಿಷ್ ಸಾಹಿತ್ಯ ಓದಿ, ಕಡತಗಳಲ್ಲಿ ಟಿಪ್ಪಣಿ ಬರೆಯುತ್ತ ಇಪ್ಪತ್ತು ವರ್ಷ ಕಳೆದ ನಮಗೆ ಸ್ಕ್ರೂಡ್ರೈವರ್ ಹಿಡಿಯುವುದೇ ಹೊಸದು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿತು, ದಿಲ್ಲಿಗೆ ಬಂದು ನಿವೃತ್ತರಾದ ಸಂಘದ ಹಿರಿಯರೊಬ್ಬರನ್ನು ಕೇಳಿದೆವು. "ಕಾಕಾ, ಮೋಟಾರು ಹೋಗಿರಬೇಕು, ಬಿಚ್ಚಿಬಿಡಲೇ?" ಎಂದಾಗ ಅವರು ನಕ್ಕರು. "ತಮ್ಮಾ, ಎಂಜಿನ್ನಿಗೆ ಕೈ ಹಚ್ಚೂದು ಕಡೀಕ. ಮೊದಲ ಕರೆಂಟು ಎಲ್ಲೀತನಕ ಬಂದೈತಿ ನೋಡು. ಆಮ್ಯಾಗ ಹಳಿ, ಆಮ್ಯಾಗ ಗಾಲಿ. ಎಲ್ಲಾ ಸರಿ ಇದ್ರ ಆಗ ಬಿಚ್ಚು." ಭಾರತೀಯ ರೈಲ್ವೆಯ ಲೋಕೋ ಪೈಲಟರಿಗೆ ದೋಷ ಪತ್ತೆಯ ಕೈಪಿಡಿಯೊಂದನ್ನು ಕೊಡುತ್ತಾರೆ, ಟಿ.ಎಸ್.ಡಿ. ಎಂದು ಅದರ ಹೆಸರು. ನಡುದಾರಿಯಲ್ಲಿ ಎಂಜಿನ್ ನಿಂತರೆ ಊಹೆಗೆ ಅವಕಾಶವಿಲ್ಲ, ಮೊದಲು ಇದನ್ನು ನೋಡು, ಅದು ಸರಿಯಿದ್ದರೆ ಮುಂದಿನದನ್ನು ನೋಡು ಎಂಬ ಕ್ರಮ. ಕಾಕಾ ನಮಗೆ ಕಲಿಸಿದ್ದು ಅದೇ ಶಿಸ್ತನ್ನು.

ಅವರು ಕಾರಿನ 12 ವೋಲ್ಟಿನ ಸಣ್ಣ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿಕೊಟ್ಟರು. ಅದನ್ನು ಹಳಿಗಳ ಮೇಲಿಟ್ಟು ಪೆಟ್ಟಿಗೆಯ ಗುಂಡಿ ತಿರುಗಿಸಿದೆವು. ಬಲ್ಬು ಹತ್ತಿತು. ಪೆಟ್ಟಿಗೆ ಸರಿಯಿದೆ. ಸುತ್ತಿನ ಆಚೆ ತುದಿಯಲ್ಲಿಟ್ಟರೆ ಬೆಳಕು ಮಂಕಾಯಿತು. ಹಳಿಗಳನ್ನು ಕೂಡಿಸುವ ತಗಡಿನ ಕೊಳವೆಗಳು ಸಡಿಲವಾಗಿದ್ದವು, ಇಕ್ಕಳದಿಂದ ಅದುಮಿದ ಮೇಲೆ ಸರಿಹೋಯಿತು. ಹಳಿಯನ್ನೂ ಗಾಲಿಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಾಡಿಗೆಯಂತೆ ಕಪ್ಪಾಯಿತು. ಮರಳುಕಾಗದದಿಂದ ತಿಕ್ಕಬಾರದು, ಗೀರುಗಳಲ್ಲಿ ಕೊಳೆ ಮತ್ತಷ್ಟು ಬೇಗ ಸೇರುತ್ತದೆ. ಗಾಲಿಯ ಹಿಂಬದಿಗೆ ಒರಗಿ ವಿದ್ಯುತ್ತನ್ನು ಎತ್ತಿಕೊಳ್ಳುವ ತಾಮ್ರದ ಎಳೆಗಳಲ್ಲಿ ಒಂದು ಸರಿದಿತ್ತು, ಚಿಮಟದಿಂದ ಬಾಗಿಸಿ ಮುಟ್ಟಿಸಿದೆವು. ಆಮೇಲೆ ಬಲ್ಬನ್ನು ಪೆಟ್ಟಿಗೆಗೂ ಹಳಿಗೂ ನಡುವಿನ ದಾರಿಯಲ್ಲಿಯೇ ಕೂರಿಸಿ, ಎಂಜಿನ್ನನ್ನು ಹಳಿಯ ಮೇಲಿಟ್ಟೆವು. ಇದರ ಲೆಕ್ಕ ಸರಳ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್, ಮಂದವಾಗಿ ಉರಿದರೆ ಮೋಟಾರಿನಲ್ಲಿ ಪ್ರವಾಹ ಹರಿಯುತ್ತಿದೆ, ಉರಿಯದಿದ್ದರೆ ದಾರಿ ಎಲ್ಲೋ ತುಂಡಾಗಿದೆ. ನೂರು ವರ್ಷದ ಹಿಂದೆ ಹಾರ್ನ್‌ಬಿ ಮನೆಯ ವಿದ್ಯುತ್ತಿಗೂ ರೈಲಿಗೂ ನಡುವೆ ಇಟ್ಟಿದ್ದ ಬಲ್ಬು ನಮ್ಮ ಊಟದ ಮೇಜಿನ ಮೇಲೆ ಮತ್ತೆ ಬಂದಿತ್ತು, ಈ ಸಲ ನಿರಪಾಯಕರವಾಗಿ. ಅದು ಉರಿಯಲಿಲ್ಲ.

ಆಗ ಮಾತ್ರ ಎಂಜಿನ್ನಿನ ಮೇಲ್ಕವಚ ತೆಗೆದೆವು.

ಒಳಗೆ ಕಂಡದ್ದು ಕಂದುಬಣ್ಣದ, ಮೇಣದಂತೆ ಗಟ್ಟಿಯಾದ ಒಂದು ಮುದ್ದೆ. ಹಲ್ಲುಗಾಲಿಯಿಂದ ಕಮ್ಯುಟೇಟರಿನವರೆಗೆ ಹಬ್ಬಿ, ಕಾರ್ಬನ್ನಿನ ಪುಡಿಯನ್ನು ತನ್ನೊಳಗೆ ಕಲಸಿಕೊಂಡು, ಎರಡು ಬ್ರಶ್‌ಗಳನ್ನೂ ಅವುಗಳ ಜಾಗದಲ್ಲಿ ಅಂಟಿಸಿಬಿಟ್ಟಿತ್ತು. ಕಾಕಾ ಅದನ್ನು ಕಡ್ಡಿಯಿಂದ ಕೆದರಿ ಬೆರಳಿಗೆ ಹಚ್ಚಿ ನೋಡಿದರು. "ಇದು ಮಿಷನ್ ಎಣ್ಣಿ ಅಲ್ಲ. ಯಾರೋ ಅಡಗಿಮನಿ ಎಣ್ಣಿ ಹಾಕ್ಯಾರ."

ನಾವು ಉತ್ತರ ಕೊಡಲಿಲ್ಲ. ಮೂವತ್ತೈದು ವರ್ಷಗಳ ಹಿಂದಿನ ಒಂದು ಸಂಜೆ ಕಣ್ಣಮುಂದೆ ಬಂದಿತ್ತು. ಎಂಜಿನ್ ಓಡುವಾಗ ಕಿರ್ರೆನ್ನತೊಡಗಿತ್ತು. ಬಾಗಿಲ ತಿರುಗಣಿಗೆ ಅಮ್ಮ ಎಣ್ಣೆ ಬಿಡುವುದನ್ನು ನೋಡಿದ್ದ ಎಂಟು ವರ್ಷದ ಹುಡುಗ, ಕುಂದಾಪುರದಿಂದ ಅಜ್ಜಿ ಕಳಿಸಿದ್ದ ತೆಂಗಿನೆಣ್ಣೆಯ ಶೀಸೆಯಿಂದ ಒಂದು ಚಮಚದಷ್ಟನ್ನು ಎಂಜಿನ್ನಿನ ಹೊಟ್ಟೆಗೆ ಸುರಿದಿದ್ದ. ಅದು ಒಂದೆರಡು ದಿನ ಸದ್ದಿಲ್ಲದೆ ಓಡಿತು ಕೂಡ. ಕರಾವಳಿಯ ಎಣ್ಣೆಗೆ ದಿಲ್ಲಿಯ ಜನವರಿ ಗೊತ್ತಿರಲಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಶೀಸೆಯೊಳಗಿನದು ಬೆಳ್ಳಗೆ ಗಟ್ಟಿಯಾದದ್ದನ್ನು ಪ್ರತಿವರ್ಷ ನೋಡುತ್ತಿದ್ದ ಮನೆಯವರಿಗೆ ಎಂಜಿನ್ನಿನೊಳಗೆ ಅದೇ ಆಗಿರಬಹುದೆಂದು ಹೊಳೆಯಲಿಲ್ಲ, ಏಕೆಂದರೆ ಅದು ಅಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೆದರಿಕೆಯಿಂದ ಹೇಳಲಿಲ್ಲ. ಹೇಳಿದ್ದರೆ ಆ ಬೇಸಗೆಯಲ್ಲಿ ಎಣ್ಣೆ ಕರಗಿದಾಗ ಒರೆಸಿ ಸರಿಮಾಡಬಹುದಿತ್ತೇನೋ. ತಂದೆಯವರು ಸಂತೆಗೆ ಹೋಗಿ ಜಗಳವಾಡಿ ಬಂದ ದಿನ ಇನ್ನಷ್ಟು ಹೆದರಿ, ಆಮೇಲೆ ನಿಧಾನವಾಗಿ ಮರೆತೆವು. ಮರೆತದ್ದು ನಾವು, ಅವರಲ್ಲ. ಆ ಅಂಗಡಿಯವನು ಹೊಟ್ಟೆಪಾಡಿಗೆ ಸುಳ್ಳು ಹೇಳುತ್ತಿದ್ದನೋ ಇಲ್ಲವೋ, ಈ ಒಂದು ವಿಷಯದಲ್ಲಿ ಅವನು ನಿರಪರಾಧಿ. ಆ ಮಾತನ್ನು ಹೇಳಬೇಕಾದ ಇಬ್ಬರಲ್ಲಿ ಒಬ್ಬರು ಈಗ ಇಲ್ಲ, ಇನ್ನೊಬ್ಬನನ್ನು ಹುಡುಕುವ ದಾರಿಯಿಲ್ಲ.

ಮುಂದಿನ ಕೆಲಸ ಎರಡು ಸಂಜೆ ಹಿಡಿಯಿತು. ಆರ್ಮೇಚರನ್ನು ಹೊರತೆಗೆಯಲು ಕಾಕಾ ಬಿಡಲಿಲ್ಲ. ಬ್ರಶ್‌ಗಳನ್ನು ಮಾತ್ರ ತೆಗೆದು, ಮುದ್ದೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಕೆದರಿದೆವು. ಕಮ್ಯುಟೇಟರಿನ ಬಿರುಕುಗಳನ್ನು ಹಲ್ಲುಕಡ್ಡಿಯ ತುದಿಯಿಂದ ಬಿಡಿಸಿದೆವು. ಎರಕವನ್ನು ಬೆಳಕಿಗೆ ಹಿಡಿದು ನೋಡಿದರೆ ಬಿರುಕಿಲ್ಲ. ಜೋಡಿಸಿ ಹಳಿಯ ಮೇಲಿಟ್ಟಾಗ ಬಲ್ಬು ಈ ಸಲ ಜಗ್ಗನೆ ಪೂರ್ತಿ ಉರಿಯಿತು, ಎಂಜಿನ್ ಅಲುಗಲಿಲ್ಲ. ಶಾರ್ಟ್. ಬ್ರಶ್‌ಗಳನ್ನು ಅದುಮುವ ಸ್ಪ್ರಿಂಗಿನ ಒಂದು ತೋಳಿಗೆ ಕೂದಲೆಳೆಯ ದಪ್ಪದ ಅವಾಹಕ ಕೊಳವೆಯೊಂದು ಇರುತ್ತದೆ. ಅದಿಲ್ಲದಿದ್ದರೆ ಎರಡು ಬ್ರಶ್‌ಗಳೂ ಒಂದೇ ಸ್ಪ್ರಿಂಗಿನ ಮೂಲಕ ಕೂಡಿಕೊಂಡುಬಿಡುತ್ತವೆ. ಆ ಕೊಳವೆ ನಾವು ತಿಂಡಿ ತಿಂದು ಪಕ್ಕಕ್ಕಿಟ್ಟ ತಟ್ಟೆಯಲ್ಲಿ, ಚೂಡಾದ ಚೂರುಗಳ ನಡುವೆ ಸಿಕ್ಕಿತು. ಅದನ್ನು ತೊಡಿಸಿ, ಅಚ್ಚುಗಳಿಗೆ ಸೂಜಿಯ ತುದಿಯಿಂದ ಒಂದೊಂದೇ ಹನಿ ಹೊಲಿಗೆಯಂತ್ರದ ಎಣ್ಣೆ ಮುಟ್ಟಿಸಿದೆವು. ಬಲ್ಬು ಮಂದವಾಯಿತು. ಎಂಜಿನ್ ಒಮ್ಮೆ ಕಂಪಿಸಿ, ಒಂದಿಂಚು ಸರಿದು, ನಿಂತು, ಮತ್ತೆ ಹೊರಟಿತು.

ಇಂದು ಹೊಸದಾಗಿ ಕೊಳ್ಳುವ ಮಾದರಿ ಎಂಜಿನ್ನುಗಳ ಕಥೆ ಬೇರೆ. ಮಾರ್ಕ್ಲಿನ್ 1980ರ ದಶಕದಲ್ಲಿ ಡಿಜಿಟಲ್ ನಿಯಂತ್ರಣವನ್ನು ತಂದಿತು. ಮುಂದಿನ ದಶಕದಲ್ಲಿ ಅಮೆರಿಕದ ಹವ್ಯಾಸಿಗಳ ಸಂಘ ಅದಕ್ಕೊಂದು ಸಾಮಾನ್ಯ ಮಾನಕವನ್ನು ರೂಪಿಸಿತು. ಪ್ರತಿಯೊಂದು ಎಂಜಿನ್ನಿನೊಳಗೂ ಒಂದು ಚಿಪ್ಪು, ಅದಕ್ಕೊಂದು ಸಂಖ್ಯೆಯ ವಿಳಾಸ. ಎಂಜಿನ್ ನಿಂತರೆ ಈಗ ಮೊದಲು ಕೇಳಬೇಕಾದದ್ದು ಅದು ತನ್ನ ವಿಳಾಸವನ್ನು ಮರೆತಿದೆಯೇ ಎಂದು. ನಿಜವಾದ ರೈಲಿನಲ್ಲಿಯೂ ಹಾಗೆಯೇ. 1990ರ ದಶಕದ ನಡುವೆ ನಮ್ಮಲ್ಲಿಗೆ ಬಂದ ಮೂರು ಫೇಸಿನ ಎಂಜಿನ್ನುಗಳ ಮೋಟಾರಿನಲ್ಲಿ ಬ್ರಶ್ಶೂ ಇಲ್ಲ, ಕಮ್ಯುಟೇಟರೂ ಇಲ್ಲ. ಕಾಕಾ ಕಲಿತ ಕೈಗೆಲಸದ ಒಂದು ದೊಡ್ಡ ಭಾಗ ಅದರೊಂದಿಗೆ ಹೋಯಿತು. ಅದಕ್ಕಾಗಿ ಅವರು ದುಃಖಿಸುವುದಿಲ್ಲ. ಮಳೆಗಾಲದಲ್ಲಿ ಸುಟ್ಟ ಕಮ್ಯುಟೇಟರನ್ನು ಸರಿಪಡಿಸಿದವರಿಗೆ ಅದರ ಮೇಲೆ ಅಂಥ ಮೋಹವಿಲ್ಲ. ಆದರೆ ದೋಷ ಹುಡುಕುವ ಕ್ರಮ ಮಾತ್ರ ಹಳೆಯದೇ ಎನ್ನುತ್ತಾರೆ: ಹೊರಗಿನಿಂದ ಒಳಗೆ, ಸುಲಭದಿಂದ ಕಷ್ಟಕ್ಕೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ.

ಪುಣೆಯಲ್ಲಿರುವ ನಮ್ಮ ಓದುಗರು ಕೋಥರೂಡಿನ ಜೋಶಿಯವರ ಚಿಕಣಿ ರೈಲು ಸಂಗ್ರಹಾಲಯವನ್ನು ನೋಡಿರದಿದ್ದರೆ ಮಕ್ಕಳೊಂದಿಗೆ ಒಮ್ಮೆ ಹೋಗಿಬರಬೇಕು. ದಿಲ್ಲಿಯವರಿಗೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಿದೆ, 1977ರಿಂದ. ಅಲ್ಲಿ ನಿಂತಿರುವ ಎಂಜಿನ್ನುಗಳೆಲ್ಲ ಏನು ಕೆಟ್ಟು ನಿಂತವು, ಕೊನೆಯ ಸಲ ಅವುಗಳನ್ನು ಯಾರು ಸರಿಪಡಿಸಿದರು ಎಂಬುದನ್ನು ಫಲಕಗಳು ಹೇಳುವುದಿಲ್ಲ. ಅದನ್ನು ಬಲ್ಲವರು ನಮ್ಮ ಸಂಘಗಳಲ್ಲಿ, ಪಕ್ಕದ ಬೀದಿಗಳಲ್ಲಿ, ನಿವೃತ್ತರಾಗಿ ಕುಳಿತಿದ್ದಾರೆ. ಕೇಳಿ ಬರೆದಿಡುವ ಕೆಲಸ ನಮ್ಮದು.

ಹೊಸ ಮನೆಗೆ ಬಂದ ಮೇಲೆ ಹಳಿಯನ್ನು ಮತ್ತೆ ಜೋಡಿಸಿದೆವು. ಅಮ್ಮ ಸೋಫಾದ ಮೇಲೆ ಕುಳಿತು ನಾಲ್ಕು ಸುತ್ತು ನೋಡಿದರು. ತೆಂಗಿನೆಣ್ಣೆಯ ಸಂಗತಿಯನ್ನು ಅವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, "ಅವರಿಗೆ ಗೊತ್ತಿತ್ತಾ ಏನೋ, ಶೀಸೆಯಲ್ಲಿ ಎಣ್ಣೆ ಕಡಿಮೆಯಾದದ್ದನ್ನು ಅವರೇ ನನಗೆ ತೋರಿಸಿದ್ದು" ಎಂದರು.